ರಾಗ ಎಲ್ಲರದು, ಅಂಕಿತ ತನ್ನದು

ಶಾಲೆಯ ವಾರ್ಷಿಕೋತ್ಸವ ಸಮೀಪಿಸಿತೆಂದರೆ ಮಕ್ಕಳಲ್ಲಿ ಒಂದು ಬಗೆಯ ಸಡಗರ ತಾನಾಗಿಯೇ ಮೂಡುತ್ತದೆ. ನಾಟಕವಾಡುವವರು ಮಾತುಗಳನ್ನು ಬಾಯಿಪಾಠ ಮಾಡುತ್ತಾರೆ. ಕುಣಿಯುವವರು ಗೆಜ್ಜೆಯನ್ನು ಹುಡುಕಿ ತರುತ್ತಾರೆ. ಈ ಬಾರಿ ಮಕ್ಕಳೇ ರಚಿಸಿದ ಹಾಡೊಂದು ಇರಲಿ ಎಂದು ಅಧ್ಯಾಪಕರು ಸೂಚಿಸಿದರೆಂದೂ, ಚಳ್ಳಕೆರೆಯ ಕಡೆಯ ಹಳ್ಳಿಯೊಂದರ ಹುಡುಗನು ಆ ಕೆಲಸವನ್ನು ವಹಿಸಿಕೊಂಡನೆಂದೂ ಭಾವಿಸಬಹುದು. ಹಾಡಿನ ವಿಷಯ ಅವನ ಊರು. ರಾತ್ರಿ ಊಟವಾದ ಮೇಲೆ ಅವನು ಬರೆಯಲು ಕುಳಿತುಕೊಳ್ಳುತ್ತಾನೆ. ಅರ್ಧ ಗಂಟೆಯಲ್ಲಿ ಹಾಡು ಸಿದ್ಧವಾಗುತ್ತದೆ. ಅದರಲ್ಲಿ ದಟ್ಟವಾದ ಕಾಡಿದೆ, ಜುಳುಜುಳು ಹರಿಯುವ ಹೊಳೆಯಿದೆ, ಮಾಮರದಲ್ಲಿ ಕೂಗುವ ಕೋಗಿಲೆಯಿದೆ, ಸಂಪಿಗೆಯ ಕಂಪಿದೆ. ಧಾಟಿಯನ್ನು ಎಲ್ಲರೂ ಮೆಚ್ಚಿದ ಚಲನಚಿತ್ರಗೀತೆಯಿಂದ ಎತ್ತಿಕೊಂಡಿದ್ದಾನೆ. ತಾಳ ತಪ್ಪಿಲ್ಲ, ಪ್ರಾಸವೂ ಕೂಡಿ ಬಂದಿದೆ. ಗೆಳೆಯರು ಚಪ್ಪಾಳೆ ತಟ್ಟುತ್ತಾರೆ.

ಎಲ್ಲವೂ ಸರಿಯೇ. ಆದರೆ ಆ ಹುಡುಗನ ಊರಿನಲ್ಲಿ ಕಾಡಿಲ್ಲ, ಜಾಲಿಯ ಗಿಡಗಳಿವೆ. ಹೊಳೆಯಿಲ್ಲ, ಎಷ್ಟೋ ವರ್ಷ ತುಂಬದೆ ಉಳಿಯುವ ಕೆರೆಯೊಂದಿದೆ. ಸಂಪಿಗೆಯ ಮರವನ್ನು ಅವನು ಕಂಡದ್ದು ಚಿತ್ರದಲ್ಲಿ ಮಾತ್ರ. ಅವನ ಮನೆಯ ಸುತ್ತ ಇರುವುದು ಶೇಂಗಾದ ಹೊಲ, ಕುರಿಯ ಹಟ್ಟಿ, ಕಂಬಳಿಯ ಮಗ್ಗ. ಹಾಗಿದ್ದ ಮೇಲೆ ಹಾಡಿನೊಳಗೆ ಆ ಹೊಳೆ ಎಲ್ಲಿಂದ ಹರಿದುಬಂದಿತು? ಅವನು ಕೇಳಿದ ಹಾಡುಗಳಿಂದ ಹರಿದುಬಂದಿತು. ಊರೆಂದರೆ ಹೊಳೆಯಿರಬೇಕು, ಹಾಡೆಂದರೆ ಕೋಗಿಲೆಯಿರಬೇಕು ಎಂದು ಅವನು ನಂಬಿದ್ದಾನೆ. ತನ್ನ ಕೆರೆ, ತನ್ನ ಜಾಲಿ, ತನ್ನ ಮಗ್ಗ ಇವು ಹಾಡಿಗೆ ತಕ್ಕವಲ್ಲವೆಂದು ಯಾರೂ ಅವನಿಗೆ ಹೇಳಲಿಲ್ಲ. ಆದರೂ ಅವನು ಹಾಗೆಂದು ಕಲಿತುಬಿಟ್ಟಿದ್ದಾನೆ. 'ದೂರದ ಬೆಟ್ಟ ನುಣ್ಣಗೆ' ಎಂಬ ಗಾದೆ ಬೆಟ್ಟದ ವಿಷಯದಲ್ಲಿ ಎಷ್ಟು ನಿಜವೋ ಹಾಡಿನ ವಿಷಯದಲ್ಲಿಯೂ ಅಷ್ಟೇ ನಿಜ.

ಇದು ಕೇವಲ ಒಂದು ಹಾಡಿನ ದೋಷವಲ್ಲ. ಎಲ್ಲರೂ ನಡೆದ ದಾರಿಯಲ್ಲಿ ತಾನೂ ನಡೆಯುವುದು ಮನುಷ್ಯನಿಗೆ ಸುಲಭ. ಮುಂದೆ ಹೋದ ಗಾಡಿಯ ಜಾಡಿನಲ್ಲಿ ಹಿಂದಿನ ಗಾಡಿಯ ಚಕ್ರ ತಾನಾಗಿಯೇ ಇಳಿಯುತ್ತದೆ. ಆ ಜಾಡಿನಲ್ಲಿ ಸಾಗಿದಷ್ಟು ಕಾಲ ಎತ್ತಿಗೂ ಶ್ರಮವಿಲ್ಲ, ಹೊಡೆಯುವವನಿಗೂ ಯೋಚನೆಯಿಲ್ಲ. ಆದರೆ ಆ ಜಾಡು ತಾನು ಸೇರಬೇಕಾದ ಊರಿಗೆ ಹೋಗುತ್ತದೆಯೋ ಇಲ್ಲವೋ ಎಂಬುದನ್ನು ಗಾಡಿಯವನು ಒಮ್ಮೆಯಾದರೂ ಕೇಳಿಕೊಳ್ಳಬೇಕಷ್ಟೆ.

ಹಾಗೆಂದು ಅನುಕರಣೆಯನ್ನೇ ಹಳಿಯುವುದು ನ್ಯಾಯವಲ್ಲ. ಕಲಿಕೆಯೆಲ್ಲ ಮೊದಲಾಗುವುದು ಅನುಕರಣೆಯಿಂದಲೇ. ಕೂಸು ಮಾತು ಕಲಿಯುವುದು ತಾಯಿಯ ತುಟಿಯನ್ನು ನೋಡಿ. ಸಂಗೀತ ಕಲಿಯಲು ಹೋದ ಮಗು ಮೊದಲು ಹಾಡುವುದು ತನ್ನ ಹಾಡನ್ನಲ್ಲ; ಮಾಯಾಮಾಳವಗೌಳ ರಾಗದ ಸರಳೆ ವರಸೆಗಳನ್ನು. ಈ ಕ್ರಮವನ್ನು ಹಾಕಿಕೊಟ್ಟವರು ಪುರಂದರದಾಸರೆಂದು ಪರಂಪರೆ ಹೇಳುತ್ತದೆ. ಅದಕ್ಕಾಗಿಯೇ ಅವರನ್ನು ಕರ್ನಾಟಕ ಸಂಗೀತದ ಪಿತಾಮಹರೆಂದು ಗೌರವಿಸುತ್ತಾರೆ. ಎಲ್ಲ ಮಕ್ಕಳೂ ಅದೇ ಸ್ವರಗಳನ್ನು ಅದೇ ತಾಳದಲ್ಲಿ ಹಾಡುತ್ತಾರೆ. ಇಲ್ಲಿ ತನ್ನತನವನ್ನು ತೋರಿಸಲು ಹೊರಟ ಮಗುವಿಗೆ ಶ್ರುತಿಯೇ ಸೇರಲಾರದು. ಹಳೆಯ ಮಟ್ಟಿಗೆ ಹೊಸ ಮಾತನ್ನು ಹೊಂದಿಸುವುದೂ ತಪ್ಪಲ್ಲ; ಜನಪದರು ಅದನ್ನು ಹಿಂದಿನಿಂದಲೂ ಮಾಡುತ್ತ ಬಂದಿದ್ದಾರೆ. ಆದುದರಿಂದ ಪ್ರಶ್ನೆಯಿರುವುದು ಅನುಕರಿಸಬೇಕೋ ಬಾರದೋ ಎಂಬುದರಲ್ಲಿ ಅಲ್ಲ. ಯಾವುದನ್ನು ಇತರರಿಂದ ಪಡೆಯಬೇಕು, ಯಾವುದನ್ನು ತಾನೇ ತರಬೇಕು ಎಂಬುದರಲ್ಲಿ.

ಈ ಪ್ರಶ್ನೆಗೆ ಉತ್ತರ ಹಿಂದಿನ ಕಾಲದ ಬೀಸುವ ಕಲ್ಲಿನ ಬಳಿ ದೊರೆಯುತ್ತದೆ. ಹಿಟ್ಟಿನ ಗಿರಣಿ ಬರುವುದಕ್ಕೆ ಮೊದಲು ಹಳ್ಳಿಯ ಹೆಣ್ಣುಮಕ್ಕಳು ಬೆಳಗಿನ ಜಾವಕ್ಕೆ ಎದ್ದು ಕಲ್ಲಿನ ಗೂಟ ಹಿಡಿದು ಬೀಸುತ್ತಿದ್ದರು. ಬೀಸುವಾಗ ಹಾಡುತ್ತಿದ್ದರು. ಹಾಡಿಗೆ ತ್ರಿಪದಿಯೆಂಬ ಮೂರು ಸಾಲಿನ ಕಟ್ಟು. ಕಲ್ಲು ತಿರುಗುವ ಲಯವೇ ಹಾಡಿನ ಲಯ. ಕಲ್ಲೂ ಒಂದೇ, ಕಟ್ಟೂ ಒಂದೇ. ಆದರೆ ಒಬ್ಬಳು ತವರಿನ ದಾರಿಯನ್ನು ನೆನೆದು ಹಾಡಿದಳು. ಇನ್ನೊಬ್ಬಳು ತೊಟ್ಟಿಲ ಕೂಸನ್ನು ಹಾಡಿದಳು. ಮತ್ತೊಬ್ಬಳು ಯಾರಲ್ಲಿಯೂ ಹೇಳಿಕೊಳ್ಳಲಾಗದ ಅತ್ತೆಮನೆಯ ನೋವನ್ನು ಆ ಕಲ್ಲಿಗೆ ಹೇಳಿದಳು. ಎದುರಿಗೆ ಆಡಲು ಸಾಧ್ಯವಿಲ್ಲದ ಮಾತನ್ನು ಹಾಡಿನಲ್ಲಿ ಆಡಲು ಸಾಧ್ಯವಾಯಿತು. ಮಧುರಚೆನ್ನರೇ ಮೊದಲಾದ ಹಲಸಂಗಿಯ ಗೆಳೆಯರು ಇಂತಹ ಹಾಡುಗಳನ್ನು ಊರೂರುಗಳಿಂದ ಸಂಗ್ರಹಿಸಿ 1931ರಲ್ಲಿ 'ಗರತಿಯ ಹಾಡು' ಎಂಬ ಹೆಸರಿನಲ್ಲಿ ಹೊರತಂದರು. ಅವುಗಳನ್ನು ಕಟ್ಟಿದವರ ಹೆಸರು ಯಾರಿಗೂ ತಿಳಿಯದು. ಹೆಸರಿಲ್ಲದಿದ್ದರೂ ಆ ಹಾಡುಗಳಲ್ಲಿ ಆಡಿದ ಜೀವವಿದೆ. ಕಟ್ಟು ಎಲ್ಲರದಾಗಿದ್ದರೂ ಕಣ್ಣೀರು ಅವರವರದೇ ಆಗಿತ್ತು.

ಕನಕದಾಸರ 'ರಾಮಧಾನ್ಯ ಚರಿತ್ರೆ'ಯು ಇದಕ್ಕೆ ಇನ್ನೂ ಸ್ಪಷ್ಟವಾದ ನಿದರ್ಶನ. ಅದು ಭಾಮಿನಿ ಷಟ್ಪದಿಯಲ್ಲಿ ರಚಿತವಾದ ಕಾವ್ಯ. ಆರು ಸಾಲಿನ ಆ ಛಂದಸ್ಸು ಕನಕದಾಸರು ಕಂಡುಹಿಡಿದುದಲ್ಲ. ಅವರಿಗಿಂತ ಮೊದಲೇ ಕುಮಾರವ್ಯಾಸನು ಮಹಾಭಾರತದ ಕಥೆಯನ್ನು ಅದರಲ್ಲಿ ಹಾಡಿದ್ದನು. ಚಾಮರಸನು ಅಲ್ಲಮಪ್ರಭುವಿನ ಚರಿತ್ರೆಯನ್ನು ಅದರಲ್ಲಿಯೇ ಹೇಳಿದ್ದನು. ಮಾತ್ರೆಗಳ ಎಣಿಕೆ, ಮೂರನೆಯ ಮತ್ತು ಆರನೆಯ ಸಾಲುಗಳ ಹೆಚ್ಚಿನ ಉದ್ದ, ಎಲ್ಲವೂ ಮೊದಲೇ ನಿಶ್ಚಿತವಾಗಿದ್ದವು. ಕನಕದಾಸರು ಆ ನಿಯಮವನ್ನು ವಿನಯದಿಂದ ಒಪ್ಪಿಕೊಂಡರು. ಕಥೆಯಲ್ಲಿ ಶ್ರೀರಾಮನೂ ಬರುತ್ತಾನೆ, ಋಷಿಗಳೂ ಬರುತ್ತಾರೆ. ಅದೂ ಕೇಳುಗರಿಗೆ ಪರಿಚಿತವಾದ ಲೋಕವೇ.

ಆದರೆ ಅವರು ಹೇಳಿದ ವಿಷಯ ಯಾವುದು? ಧಾನ್ಯಗಳಲ್ಲಿ ಶ್ರೇಷ್ಠವಾದುದು ಅಕ್ಕಿಯೋ ರಾಗಿಯೋ ಎಂಬ ವಾದ! ಅಕ್ಕಿಯು ತಾನು ಪೂಜೆಗೆ ಬೇಕಾದುದು, ಮಂಗಳಕಾರ್ಯಗಳಿಗೆ ಬೇಕಾದುದು, ಉತ್ತಮರ ಮನೆಯ ಆಹಾರ ಎಂದು ಹೆಮ್ಮೆಪಡುತ್ತದೆ. ರಾಗಿಯು ತಾನು ಮಳೆಯಿಲ್ಲದ ಕಾಲದಲ್ಲಿ ಬಡವರನ್ನು ಕಾಪಾಡುವವನೆಂದು ಎದುರುತ್ತರ ಕೊಡುತ್ತದೆ. ಜಗಳ ತೀರದಿರಲು ಶ್ರೀರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಅವಧಿ ಮುಗಿದು ಹೊರಗೆ ತಂದಾಗ ಅಕ್ಕಿ ಸೊರಗಿಹೋಗಿದೆ. ರಾಗಿ ಮೊದಲಿನಂತೆಯೇ ಗಟ್ಟಿಯಾಗಿದೆ. ರಾಮನು ರಾಗಿಯನ್ನು ಮೆಚ್ಚಿ ತನ್ನ ಹೆಸರನ್ನೇ ಅದಕ್ಕೆ ಕೊಡುತ್ತಾನೆ. ಮೇಲು ಕೀಳುಗಳೆಂಬ ಭೇದವನ್ನು ಸಮಾಜವೆಲ್ಲ ಸಹಜವೆಂದು ಒಪ್ಪಿಕೊಂಡಿದ್ದ ಕಾಲದಲ್ಲಿ, ಕುರುಬರ ಮನೆತನದಲ್ಲಿ ಹುಟ್ಟಿದ ಕವಿಯೊಬ್ಬನು ಬಡವರ ಮುದ್ದೆಯ ಧಾನ್ಯವನ್ನು ರಾಮನ ಸಭೆಯಲ್ಲಿ ಗೆಲ್ಲಿಸಿದನು. ಕೇಳುವವರಿಗೆ ಅದು ಧಾನ್ಯಗಳ ಕಥೆ. ಯೋಚಿಸುವವರಿಗೆ ಮನುಷ್ಯರ ಕಥೆ. ಅಚ್ಚು ಹಳೆಯದು, ಅದರಲ್ಲಿ ಎರೆದ ಬೆಲ್ಲ ಮಾತ್ರ ಅವರ ಹೊಲದ್ದು. ಕನಕದಾಸರು ಛಂದಸ್ಸನ್ನು ಮುರಿದಿದ್ದರೆ ಜನ ಅವರ ಮಾತನ್ನು ಕೇಳುತ್ತಿದ್ದರೋ ಇಲ್ಲವೋ ಹೇಳಲಾಗದು. ಜನರಿಗೆ ಪ್ರಿಯವಾದ ಕಟ್ಟನ್ನೇ ಹಿಡಿದುದರಿಂದ ಜನರಿಗೆ ಅಪ್ರಿಯವಾದ ಸತ್ಯವನ್ನು ಅವರ ಮನೆಯೊಳಕ್ಕೆ ಒಯ್ಯಲು ಸಾಧ್ಯವಾಯಿತು.

ಆದರೆ ಕೆಲವು ಸಲ ಕಟ್ಟೇ ಸಂಕೋಲೆಯಾಗುವುದುಂಟು. ಹಳೆಯ ಕನ್ನಡ ಕಾವ್ಯದಲ್ಲಿ ಆದಿಪ್ರಾಸವೆಂಬ ನಿಯಮವಿತ್ತು. ಪದ್ಯದ ಪ್ರತಿಯೊಂದು ಸಾಲಿನ ಎರಡನೆಯ ಅಕ್ಷರದಲ್ಲಿಯೂ ಒಂದೇ ವ್ಯಂಜನ ಬರಬೇಕು. ಸಮರ್ಥರಾದ ಕವಿಗಳ ಕೈಯಲ್ಲಿ ಅದು ಕಿವಿಗೆ ಇಂಪಾಗಿಯೇ ಇತ್ತು. ಆದರೆ ಬರಬರುತ್ತ ಪ್ರಾಸಕ್ಕಾಗಿ ಪದವನ್ನು ಹುಡುಕುವುದು, ಪದಕ್ಕಾಗಿ ಅರ್ಥವನ್ನು ತಿರುಚುವುದು ಹೆಚ್ಚಾಯಿತು. ಕವಿಯು ಹೇಳಬೇಕೆಂದುದು ಒಂದು, ಪ್ರಾಸ ಹೇಳಿಸಿದುದು ಮತ್ತೊಂದು ಎಂಬಂತಾಯಿತು. ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲಿ ಈ ಪ್ರಾಸವನ್ನು ಬಿಟ್ಟು ಕವಿತೆ ರಚಿಸಲು ನಿರ್ಧರಿಸಿದರು. ಪ್ರಾಸವಿಲ್ಲದ ಪದ್ಯ ಪದ್ಯವೇ ಅಲ್ಲವೆಂದು ನಂಬಿದ್ದ ಕಾಲದಲ್ಲಿ ಅದು ಸಾಮಾನ್ಯವಾದ ಧೈರ್ಯವಲ್ಲ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಪೈಗಳು ಪ್ರಾಸವನ್ನು ಬಿಟ್ಟದ್ದು ಅದನ್ನು ಕೂಡಿಸಲು ಬಾರದೆ ಅಲ್ಲ. ಅವರು ಅನೇಕ ಭಾಷೆಗಳನ್ನು ಬಲ್ಲ ವಿದ್ವಾಂಸರಾಗಿದ್ದರು. ಅವರು ಲಯವನ್ನು ಬಿಡಲಿಲ್ಲ, ಭಾಷೆಯ ಶುದ್ಧಿಯನ್ನು ಬಿಡಲಿಲ್ಲ. ಹೇಳಬೇಕಾದ ಮಾತಿಗೆ ಯಾವುದು ಅಡ್ಡ ಬಂದಿತೋ ಅದನ್ನು ಮಾತ್ರ ಬಿಟ್ಟರು. ನಿಯಮವನ್ನು ಬಲ್ಲವನು ಕಾರಣವರಿತು ಬಿಡುವುದಕ್ಕೂ, ನಿಯಮವನ್ನು ಕಲಿಯಲು ಬೇಸತ್ತವನು ಬಿಡುವುದಕ್ಕೂ ಬಹಳ ಅಂತರವಿದೆ. ಮೊದಲನೆಯದು ಸ್ವಾತಂತ್ರ್ಯ, ಎರಡನೆಯದು ಸೋಮಾರಿತನ.

ಅನುಸರಣೆಯ ಇನ್ನೊಂದು ಬಗೆ ಕಾಲದ ಗಾಳಿಗೆ ತಲೆಬಾಗುವುದು. ಕಳೆದ ಶತಮಾನದ ಇಪ್ಪತ್ತರ ದಶಕದಲ್ಲಿ ಮೈಸೂರಿನಲ್ಲಿ ಓದುತ್ತಿದ್ದ ಮಲೆನಾಡಿನ ತರುಣನೊಬ್ಬನು ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದನು. ಅಂದು ವಿದ್ಯೆಯೆಂದರೆ ಇಂಗ್ಲಿಷ್, ಗೌರವವೆಂದರೆ ಇಂಗ್ಲಿಷ್. 1922ರಲ್ಲಿ ಅವನ ಇಂಗ್ಲಿಷ್ ಕವಿತೆಗಳ ಒಂದು ಪುಟ್ಟ ಪುಸ್ತಕವೂ ಅಚ್ಚಾಯಿತು. 1924ರಲ್ಲಿ ಐರ್ಲೆಂಡಿನ ಕವಿ ಜೇಮ್ಸ್ ಕಸಿನ್ಸ್ ಮೈಸೂರಿಗೆ ಬಂದಾಗ ಆ ತರುಣನು ತನ್ನ ಬರಹಗಳನ್ನು ಅವರಿಗೆ ತೋರಿಸಿದನು. ಹೊಗಳಿಕೆಯನ್ನು ನಿರೀಕ್ಷಿಸಿದವನಿಗೆ ದೊರೆತುದು ಬೇರೆಯೇ ಸಲಹೆ; ತಾಯಿನುಡಿಯಲ್ಲಿ ಬರೆಯಬೇಕೆಂದು ಕಸಿನ್ಸ್ ಹೇಳಿದರು. ಆ ಕ್ಷಣದಲ್ಲಿ ಮನಸ್ಸಿಗೆ ನೋವಾಗಿರಬಹುದು. ಆದರೆ ತರುಣನು ಆ ಮಾತಿನ ಸತ್ಯವನ್ನು ಕಂಡುಕೊಂಡನು. ಅವನೇ ಮುಂದೆ ಕುವೆಂಪು ಎಂದು ಪ್ರಸಿದ್ಧನಾದ ಮಹಾಕವಿ. ಕುಪ್ಪಳಿಯ ಕಾಡು, ಅಲ್ಲಿಯ ಮಳೆ, ಅಲ್ಲಿಯ ಹಕ್ಕಿಯ ದನಿ ಎಲ್ಲವೂ ಕನ್ನಡದಲ್ಲಿ ತಮ್ಮ ಹೆಸರನ್ನು ಪಡೆದವು. ಅವರ 'ಶ್ರೀ ರಾಮಾಯಣ ದರ್ಶನಂ' ಮಹಾಕಾವ್ಯಕ್ಕೆ 1967ರ ಜ್ಞಾನಪೀಠ ಪ್ರಶಸ್ತಿ ಬಂದಿತು. ಅವರ ಗೀತೆಯನ್ನೇ ಕರ್ನಾಟಕವು 2004ರಲ್ಲಿ ನಾಡಗೀತೆಯಾಗಿ ಅಂಗೀಕರಿಸಿತು. ಹೊಳೆಯೂ ಕೋಗಿಲೆಯೂ ಕುವೆಂಪು ಅವರಿಗೆ ಎರವಲು ವಸ್ತುಗಳಾಗಿರಲಿಲ್ಲ, ಮನೆಯಂಗಳದವಾಗಿದ್ದವು. ಚಳ್ಳಕೆರೆಯ ಹುಡುಗನು ಅವರಿಂದ ಕಲಿಯಬೇಕಾದುದು ಅವರ ಕೋಗಿಲೆಯನ್ನಲ್ಲ, ತನ್ನ ಅಂಗಳವನ್ನು ನೋಡುವ ಅವರ ಕಣ್ಣನ್ನು.

ಇಷ್ಟನ್ನು ಕೇಳಿದ ಕೆಲವರು, ಹಾಗಾದರೆ ಎಲ್ಲರಿಗಿಂತ ಬೇರೆಯಾಗಿ ಹಾಡುವುದೇ ಹಿರಿಮೆಯೆ ಎಂದು ಕೇಳಬಹುದು. ಅದು ಹಾಗಲ್ಲ. ಬೇರೆಯಾಗಿ ಕಾಣಬೇಕೆಂಬ ಹಟವೂ ಒಂದು ಬಗೆಯ ದಾಸ್ಯವೇ. ಜನ ಬಲಕ್ಕೆ ಹೋದರೆಂದು ಬಲಕ್ಕೆ ಹೋಗುವವನಿಗೂ, ಜನ ಬಲಕ್ಕೆ ಹೋದರೆಂದೇ ಎಡಕ್ಕೆ ಹೋಗುವವನಿಗೂ ದಾರಿ ತೋರಿಸುವವರು ಜನರೇ ಹೊರತು ಅವನ ಬುದ್ಧಿಯಲ್ಲ. ಹೊಸತನವು ಹಾಡಿನ ಗುರಿಯಲ್ಲ; ಸತ್ಯವಾಗಿ ಹೇಳಿದುದರ ಫಲ. ಒಬ್ಬೊಬ್ಬರ ಬದುಕೂ ಬೇರೆ ಬೇರೆಯಾಗಿರುವುದರಿಂದ, ಕಂಡುದನ್ನು ಕಂಡಂತೆ ಹೇಳಿದವನ ಹಾಡು ತಾನಾಗಿಯೇ ಹೊಸದಾಗುತ್ತದೆ.

ಜನ ನಗುವರೆಂಬ ಭಯ ಮಾತ್ರ ನಿಜವಾದ ಭಯ. ಅದನ್ನು ಹಗುರವಾಗಿ ಕಾಣಬಾರದು. ಹದಿನಾಲ್ಕು ಹದಿನೈದರ ವಯಸ್ಸಿನಲ್ಲಿ ಗೆಳೆಯರ ಒಂದು ನಗೆ ಗುರುಗಳ ಹತ್ತು ಬೈಗುಳಕ್ಕಿಂತ ಹೆಚ್ಚು ನೋಯಿಸುತ್ತದೆ. ಆದರೆ ಆ ಭಯಕ್ಕೆ ಒಮ್ಮೆ ಮಣಿದರೆ ಅದು ಹಾಡಿನಲ್ಲಿಯೇ ನಿಲ್ಲುವುದಿಲ್ಲ. ಗೆಳೆಯರೆಲ್ಲ ಸೇರಿದರೆಂದು ತನಗೆ ಒಲವಿಲ್ಲದ ಓದಿಗೆ ಸೇರುವವರು, ನಾಲ್ಕು ಜನ ಏನೆಂದುಕೊಂಡಾರೋ ಎಂದು ಸಾಲ ಮಾಡಿ ಮದುವೆಯ ಚಪ್ಪರ ಹಾಕಿಸಿ ಹತ್ತು ವರ್ಷ ಬಡ್ಡಿ ಕಟ್ಟುವವರು, ಅನ್ಯಾಯವೆಂದು ತಿಳಿದಿದ್ದರೂ ಎಲ್ಲರೂ ಸುಮ್ಮನಿದ್ದಾರೆಂದು ಸುಮ್ಮನಿರುವವರು, ಇವರೆಲ್ಲರೂ ಬೇರೆಯವರ ಹಾಡನ್ನು ಹಾಡುತ್ತಿರುವವರೇ. ಬಾಲ್ಯದಲ್ಲಿ ಒಂದು ಸಣ್ಣ ಹಾಡಿನಲ್ಲಿ ತನ್ನ ಮಾತನ್ನು ಆಡಲು ಕಲಿತವನಿಗೆ ಮುಂದೆ ಬದುಕಿನಲ್ಲಿ ಅದನ್ನು ಆಡುವುದು ಸ್ವಲ್ಪವಾದರೂ ಸುಲಭವಾದೀತು.

ಈ ಧೈರ್ಯಕ್ಕೆ ಕನ್ನಡದಲ್ಲಿ ಮೇಲ್ಪಂಕ್ತಿಗಳಿಗೆ ಕೊರತೆಯಿಲ್ಲ. ಹನ್ನೆರಡನೆಯ ಶತಮಾನದ ವಚನಕಾರರು ತಮ್ಮ ವಚನದಲ್ಲಿ ಅಂಕಿತವನ್ನು ಇಡುತ್ತಿದ್ದರು. ಬಸವಣ್ಣನವರದು ಕೂಡಲಸಂಗಮದೇವ, ಅಕ್ಕಮಹಾದೇವಿಯದು ಚೆನ್ನಮಲ್ಲಿಕಾರ್ಜುನ. ಬಹುಮಂದಿ ತಮ್ಮ ಇಷ್ಟದೈವದ ಹೆಸರನ್ನೇ ಆರಿಸಿಕೊಂಡರು. ದೋಣಿ ನಡೆಸುತ್ತಿದ್ದ ಚೌಡಯ್ಯನು ಮಾತ್ರ 'ಅಂಬಿಗರ ಚೌಡಯ್ಯ' ಎಂದು ತನ್ನ ಕಸುಬನ್ನೂ ತನ್ನ ಹೆಸರನ್ನೂ ಅಂಕಿತವಾಗಿ ಇಟ್ಟನು. ಹುಟ್ಟು ಹಾಕುವ ಕೈ ತನ್ನದೆಂದು ಹೇಳಲು ಅವನು ನಾಚಲಿಲ್ಲ. ಶಿಶುನಾಳ ಷರೀಫರು (1819–1889) ಮುಸ್ಲಿಂ ಮನೆತನದಲ್ಲಿ ಹುಟ್ಟಿ, ಕಳಸದ ಗೋವಿಂದಭಟ್ಟರೆಂಬ ಬ್ರಾಹ್ಮಣರನ್ನು ಗುರುವಾಗಿ ಸ್ವೀಕರಿಸಿದರು. ಎರಡು ಕಡೆಯವರೂ ಮೆಚ್ಚುವ ನಡೆ ಅದಾಗಿರಲಿಲ್ಲ. ಅವರ ಹಾಡುಗಳಲ್ಲಿ ಮಳೆಗೆ ನೆನೆಯುವ ಮನೆಯ ಛಾವಣಿಯಂತಹ ಹಳ್ಳಿಯ ಸಾಮಾನ್ಯ ಸಂಗತಿಗಳೇ ತತ್ತ್ವದ ಮಾತಾದವು. ಭಾಷೆಯೂ ಅವರ ಸೀಮೆಯ ಜನ ಆಡುವ ಭಾಷೆಯೇ. ಇಂದು ಆ ಹಾಡುಗಳನ್ನು ಎಲ್ಲ ಮತದವರೂ ತಮ್ಮವೆಂದು ಹಾಡುತ್ತಾರೆ. ತನ್ನದನ್ನು ಪ್ರಾಮಾಣಿಕವಾಗಿ ಹೇಳಿದವನು ಕೊನೆಗೆ ಒಂಟಿಯಾಗುವುದಿಲ್ಲ. ಎಲ್ಲರವನಾಗುತ್ತಾನೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಈಗ ಮತ್ತೆ ಆ ಹುಡುಗನ ಬಳಿಗೆ ಬರಬಹುದು. ಅವನು ತನ್ನ ಹಾಡನ್ನು ಹರಿದು ಹಾಕಬೇಕಾಗಿಲ್ಲ. ಮೆಚ್ಚಿದ ಧಾಟಿಯನ್ನೂ ತಾಳವನ್ನೂ ಇಟ್ಟುಕೊಳ್ಳಲಿ. ಕಲಿಯುವವನಿಗೆ ಅದು ಊರುಗೋಲು. ಮಾತುಗಳನ್ನು ಮಾತ್ರ ಒಂದೊಂದಾಗಿ ಪರೀಕ್ಷಿಸಲಿ. ಇದನ್ನು ತಾನು ಕಂಡಿರುವೆನೆ? ಈ ಪದವನ್ನು ಮನೆಯಲ್ಲಿ ಎಂದಾದರೂ ಆಡಿರುವೆನೆ? ಇದು ಅರ್ಥಕ್ಕಾಗಿ ಬಂದಿತೆ, ಪ್ರಾಸಕ್ಕಾಗಿ ಬಂದಿತೆ? ಹೀಗೆ ಕೇಳಿಕೊಂಡಾಗ ಕಾಡು, ಹೊಳೆ, ಸಂಪಿಗೆಗಳು ಒಂದೊಂದಾಗಿ ಎದ್ದು ಹೋಗುತ್ತವೆ. ಹಾಳೆ ಬರಿದಾಗುತ್ತದೆ. ಹಾಡು ಕಟ್ಟುವವನಿಗೆ ಅತ್ಯಂತ ಕಷ್ಟವಾದ ಗಳಿಗೆ ಅದು. ಬಹುಮಂದಿ ಇಲ್ಲಿಯೇ ಹೆದರಿ ಹಿಂದಿರುಗುತ್ತಾರೆ.

ಹಿಂದಿರುಗದೆ ಕುಳಿತವನಿಗೆ ಏನೋ ಒಂದು ತೋರುತ್ತದೆ. ಒಣಗಿದ ಕೆರೆಯಂಗಳದಲ್ಲಿ ಅವನೂ ಅವನ ಗೆಳೆಯರೂ ದಿನವೂ ಸಂಜೆ ಚೆಂಡಾಡುತ್ತಾರೆ. ಅಷ್ಟು ವಿಶಾಲವಾದ ಬಯಲು ಊರಿನಲ್ಲಿ ಬೇರೆಲ್ಲಿಯೂ ಇಲ್ಲ. ಮಳೆ ಬಂದು ಕೆರೆ ತುಂಬಿದರೆ ಆ ಆಟ ನಿಂತುಹೋಗುತ್ತದೆ. ಆದರೂ ಆಡುವ ಮಕ್ಕಳೆಲ್ಲರೂ ಮುಗಿಲನ್ನು ನೋಡುತ್ತ ಆಟ ನಿಲ್ಲಲಿ ಎಂದೇ ಹಾರೈಸುತ್ತಾರೆ. ಏಕೆಂದರೆ ಕೆರೆಯ ಕೆಳಗಿನ ಹೊಲ ಅವರ ತಂದೆಯರದು, ದೂರದಿಂದ ಹೊತ್ತು ತರುವ ಕೊಡ ಅವರ ತಾಯಂದಿರದು. ತಮ್ಮ ಆಟವೇ ನಿಲ್ಲಲೆಂದು ಬೇಡುವ ಮಕ್ಕಳ ಹಾಡು! ಇದನ್ನು ಹೊಳೆಯ ದಂಡೆಯ ಹುಡುಗನು ಬರೆಯಲಾರನು; ಪಟ್ಟಣದ ಹುಡುಗನೂ ಬರೆಯಲಾರನು. ಇದೇ ಅವನ ಪಲ್ಲವಿ. ಮೊದಲು ಬರೆದ ಹಾಡಿನಷ್ಟು ನಯವಾಗಿ ಇದು ಬಾರದಿರಬಹುದು. ಒಂದೆರಡು ಕಡೆ ತಾಳಕ್ಕೆ ಒಗ್ಗದಿರಬಹುದು. ತಿದ್ದಿ ಹಾಡಿ, ಹಾಡಿ ತಿದ್ದಿ ಅದನ್ನು ನೇರಮಾಡಿಕೊಳ್ಳಬಹುದು. ನಯವನ್ನು ಅಭ್ಯಾಸ ಕೊಡುತ್ತದೆ. ಅರ್ಥವನ್ನು ಮಾತ್ರ ಬದುಕೇ ಕೊಡಬೇಕು.

ಆ ಹಾಡಿಗೆ ಬಹುಮಾನ ಬರುವುದೋ ಇಲ್ಲವೋ ಹೇಳಲಾಗದು. ಕೋಗಿಲೆಯ ಹಾಡಿಗೆ ಬಿದ್ದಷ್ಟು ಚಪ್ಪಾಳೆ ಇದಕ್ಕೆ ಬೀಳದಿರಲೂಬಹುದು. ಆದರೆ ಸಭೆಯ ಹಿಂಬದಿಯಲ್ಲಿ ಕುಳಿತ ರೈತನೊಬ್ಬನು ಅದನ್ನು ಕೇಳಿ ತನ್ನ ಊರಿನ ಕೆರೆಯನ್ನು ನೆನೆದರೆ ಹಾಡು ತನ್ನ ಕೆಲಸವನ್ನು ಮಾಡಿದಂತೆಯೇ. ಹಿಂದಿನವರು ಹಾಡಿನ ಕೊನೆಯಲ್ಲಿ ಅಂಕಿತವನ್ನು ಇಡುತ್ತಿದ್ದರು. ಹರಿದಾಸರಲ್ಲಿ ಅದನ್ನು ಗುರುವು ದಯಪಾಲಿಸಬೇಕಾಗಿತ್ತು; ಶಿಷ್ಯನು ಅದಕ್ಕೆ ಅರ್ಹನಾಗಬೇಕಾಗಿತ್ತು. ಇಂದು ಯಾರು ಬೇಕಾದರೂ ಹಾಡಿನ ಕೆಳಗೆ ತಮ್ಮ ಹೆಸರನ್ನು ಬರೆದುಕೊಳ್ಳಬಹುದು. ಆದರೆ ಹೆಸರು ಬರೆದ ಮಾತ್ರಕ್ಕೆ ಹಾಡು ತನ್ನದಾಗುವುದಿಲ್ಲ. ರಾಗವನ್ನು ಲೋಕದಿಂದ ಪಡೆದು, ತಾಳವನ್ನು ಹಿರಿಯರಿಂದ ಕಲಿತು, ಮಾತನ್ನು ತನ್ನ ಬದುಕಿನಿಂದ ತಂದವನು ಮಾತ್ರ ಅದರ ಕೆಳಗೆ ನಿರ್ಭಯವಾಗಿ ಅಂಕಿತವನ್ನು ಹಾಕಬಲ್ಲನು.